ಪುಟ್ಟಲಕ್ಷ್ಮಿಯ ಎರಡು ಹಲ್ಲು, ನಮ್ಮ ಇಂಗ್ಲಿಷ್ ಪಾಠ

ಹೊಸದಾಗಿ ಟೀಚರ್ ಕೆಲಸಕ್ಕೆ ಸೇರಿದ ನನ್ನ ತಂಗಿಯ ಮೊಮ್ಮಗಳು ಮೊನ್ನೆ ಮನೆಗೆ ಬಂದವಳು, "ಅಜ್ಜಿ, ಅಷ್ಟು ವರ್ಷ ಇಂಗ್ಲಿಷ್ ಹೇಳ್ಕೊಟ್ರಲ್ಲ, ಏನಾದ್ರೂ ಗುಟ್ಟಿದ್ರೆ ಹೇಳಿ" ಎಂದಳು. ಗುಟ್ಟೂ ಇಲ್ಲ, ಮಣ್ಣೂ ಇಲ್ಲ ಎಂದು ಗದರಿ ಕಳಿಸಿದೆ. ಅವಳು ಹೋದ ಮೇಲೆ ಮನಸ್ಸು ತಡೆಯಲಿಲ್ಲ. ಅವಳಿಗೂ, ಅವಳಂತೆ ಸೀಮೆಸುಣ್ಣ ಹಿಡಿದು ಒಳಗೊಳಗೇ ನಡುಗುತ್ತಿರುವ ಇತರರಿಗೂ ಆಗಲಿ ಎಂದು ಇದನ್ನು ಬರೆಯುತ್ತಿದ್ದೇನೆ. ನಾನು ಯಾವಾಗ ಖಾಯಂ ಆದೆ, ಯಾವಾಗ ಹೆಡ್‌ಮಿಸ್ಟ್ರೆಸ್ ಆದೆ ಎಂಬುದೆಲ್ಲ ಸರ್ವಿಸ್ ರಿಜಿಸ್ಟರಿನಲ್ಲಿದೆ, ಬೇಕಾದವರು ಅಲ್ಲಿ ನೋಡಿಕೊಳ್ಳಲಿ. ನಾನು ಹೇಳುವುದು ಒಂದು ಹಲ್ಲಿನ ವಿಷಯ. ಸರಿಯಾಗಿ ಹೇಳಬೇಕೆಂದರೆ ಎರಡು ಹಲ್ಲಿನ ವಿಷಯ.

ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿತ್ತು. ಮೈಸೂರಿನ ಲಷ್ಕರ್ ಮೊಹಲ್ಲಾದಲ್ಲಿ ಹೆಂಗಸರ ಸಂಘವೊಂದಿತ್ತು. ಹೆಂಚಿನ ಕಟ್ಟಡ, ಮುಂದೆ ಜಗಲಿ, ಒಳಗೆ ಕೆಂಪು ಗಾರೆಯ ನೆಲ. ಹಳ್ಳಿಗಳಲ್ಲಿ ಕನ್ನಡ ಲೋಯರ್ ಸೆಕೆಂಡರಿವರೆಗೆ ಓದಿ, ಆಮೇಲೆ ಮದುವೆಯಾಗಿಯೋ ಗಂಡನನ್ನು ಕಳೆದುಕೊಂಡೋ ಪಟ್ಟಣಕ್ಕೆ ಬಂದ ಹೆಂಗಸರಿಗೆ ಅಲ್ಲಿ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಇಂಗ್ಲಿಷ್ ಪಾಠ. ಆಸ್ಪತ್ರೆಯ ಹೆರಿಗೆ ದಾದಿಯರ ತರಬೇತಿಗೆ ಆಗ ಇಂಗ್ಲಿಷಿನಲ್ಲೇ ಸಂದರ್ಶನ. ಅಲ್ಲಿನ ದೊಡ್ಡ ಡಾಕ್ಟರಮ್ಮ ಬೇರೆ ಪ್ರಾಂತದವರು, ಅವರಿಗೆ ಕನ್ನಡ ಬರುತ್ತಿರಲಿಲ್ಲ. ಔಷಧಿ ಸೀಸೆಗಳ ಮೇಲೂ ಇಂಗ್ಲಿಷೇ. ಹಾಗಾಗಿ ನನ್ನಂಥ ಎಳಸು ಟೀಚರಿಗೆ ಸಂಘದಲ್ಲಿ ಕೆಲಸ ಸಿಕ್ಕಿತು.

ಸಂಘದ ಕಾರ್ಯದರ್ಶಿ ರುಕ್ಮಿಣಮ್ಮನವರು ಬಹಳ ಶಿಸ್ತಿನ ಹೆಂಗಸು. ಚಪ್ಪಲಿ ಸಾಲಾಗಿ ಬಿಟ್ಟಿಲ್ಲದಿದ್ದರೆ ಒಳಗೆ ಬರುವ ಮೊದಲೇ ಬೈಗುಳ ಶುರು. "ಫಿಲೋಮಿನಾ, ರೀಡರ್ ಬಿಟ್ಟು ಒಂದಕ್ಷರ ಆಚೆ ಹೋಗ್ಬೇಡಿ. ಪುಸ್ತಕ ಬರೆದವರಿಗೆ ನಮಗಿಂತ ಹೆಚ್ಚು ಗೊತ್ತಿರುತ್ತೆ" ಎಂದು ಮೊದಲ ದಿನವೇ ಹೇಳಿದ್ದರು. ನಾನೂ ಹಾಗೇ ಮಾಡಿದೆ. ರೀಡರಿನ ಮೊದಲ ದೊಡ್ಡ ಪಾಠ ಹಿಮ ಬೀಳುವ ಯಾವುದೋ ಊರಿನ ಬೆಳಗ್ಗೆಯ ಬಗ್ಗೆ. ನಮ್ಮ ಹೆಂಗಸರು ಅದನ್ನು ಲಲಿತಾ ಸಹಸ್ರನಾಮದ ಹಾಗೆ ಬಾಯಿಪಾಠ ಮಾಡಿದರು. ಒಬ್ಬರೂ ಎಲ್ಲೂ ತಡವರಿಸುತ್ತಿರಲಿಲ್ಲ. ನಾನು ಬೀಗಿದ್ದೇ ಬೀಗಿದ್ದು.

ಆ ವರ್ಷ ನಾಲ್ಕು ಜನ ಸಂದರ್ಶನಕ್ಕೆ ಹೋದರು. ಡಾಕ್ಟರಮ್ಮ ಅವರಲ್ಲೊಬ್ಬಳಾದ ಸಾಕಮ್ಮನನ್ನು ಕೇಳಿದ್ದು ಬೆಳಿಗ್ಗೆ ಏನು ತಿಂಡಿ ತಿಂದೆ ಅಂತ. ಸಾಕಮ್ಮ ಎದ್ದು ನಿಂತು, ಕೈಕಟ್ಟಿ, ಹಿಮ ಬೀಳುವ ಊರನ್ನು ಮೊದಲ ಸಾಲಿನಿಂದ ಶುರುಮಾಡಿದಳಂತೆ. ಅವರು ಕೈಯೆತ್ತಿ ತಡೆದರೂ ನಿಲ್ಲಿಸದೆ ಕೊನೆಯವರೆಗೂ ಹೇಳಿ ಕೂತಳಂತೆ. "ಅವ್ರು ಏನ್ ಕೇಳುದ್ರೋ ಯಾವ್ಳಿಗ್ ಗೊತ್ತು ಮಿಸ್ಸೋರೆ? ನೀವ್ ಹೇಳ್ಕೊಟ್ಟಿದ್ದು ಅದೊಂದೇ, ಅದ್ನೇ ಹೇಳ್ಬುಟ್ಟೆ" ಎಂದು ಅವಳು ಬಂದು ಹೇಳಿದಾಗ ತರಗತಿಯೆಲ್ಲ ನಕ್ಕಿತು. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ನಾಲ್ವರಲ್ಲಿ ಒಬ್ಬರೂ ಆಯ್ಕೆಯಾಗಲಿಲ್ಲ. ರುಕ್ಮಿಣಮ್ಮನವರು ನನ್ನನ್ನು ಕರೆದು, ಮುಂದಿನ ವರ್ಷವೂ ಹೀಗೇ ಆದರೆ ಇಂಗ್ಲಿಷ್ ನಿಲ್ಲಿಸಿ ಹೊಲಿಗೆ ಯಂತ್ರ ತರಿಸುತ್ತೇವೆ ಎಂದರು.

ಮಾರನೆಯ ವರ್ಷ ಜೂನ್‌ನಲ್ಲಿ ಕೆಂಪಮ್ಮ ಬಂದಳು. ಕಡಕೊಳದ ಹತ್ತಿರದ ಹಳ್ಳಿಯ ಸೊಸೆ. ಇಪ್ಪತ್ತಾರು ವರ್ಷ ಇರಬೇಕು. ಗಂಡ ಚಿಕ್ಕೇಗೌಡ ವಿಷಮಜ್ವರದಲ್ಲಿ ಹೋಗಿ ಎರಡು ವರ್ಷವಾಗಿತ್ತು. ಮಂಡಿ ಮೊಹಲ್ಲಾದಲ್ಲಿ ಜಟಕಾ ಓಡಿಸುತ್ತಿದ್ದ ಅಣ್ಣನ ಮನೆಯಲ್ಲಿದ್ದಳು. ಮಾವ ಕರೀಗೌಡರು ಅವಳಿಗೆ ಒಂದೇ ಒಂದು ವರ್ಷದ ಗಡುವು ಕೊಟ್ಟಿದ್ದರು. ಯುಗಾದಿಯೊಳಗೆ ತರಬೇತಿಗೆ ಸೇರಿದರೆ ಸರಿ, ಇಲ್ಲದಿದ್ದರೆ ಮೊಮ್ಮಗಳು ಊರಿಗೆ ಬಂದು ಅಜ್ಜನ ಮನೆಯಲ್ಲೇ ಬೆಳೆಯಬೇಕು. ಕೆಂಪಮ್ಮ ಬಂದರೂ ಬರಬಹುದು, ಬರದಿದ್ದರೂ ಸರಿ. ಮಗಳ ಹೆಸರು ಪುಟ್ಟಲಕ್ಷ್ಮಿ, ಆರು ವರ್ಷ. ಅತ್ತಿಗೆ ಕೆಲಸಕ್ಕೆ ಹೋಗುತ್ತಿದ್ದಳು, ಮಧ್ಯಾಹ್ನ ನೋಡಿಕೊಳ್ಳುವವರು ಇಲ್ಲದ್ದರಿಂದ ಅವಳನ್ನೂ ತರಗತಿಗೆ ಕರೆತಂದು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದಳು. "ಇವ್ಳನ್ನ ಬುಟ್ಟು ನಾ ಎಂಗ್ ಇರ್ಲಿ ಮಿಸ್ಸೋರೆ, ಎಂಗಾದ್ರೂ ಮಾಡಿ ಇಂಗ್ಲೀಸ್ ಕಲ್ಸಿ" ಎಂದು ಮೊದಲ ದಿನವೇ ಕೈಹಿಡಿದುಕೊಂಡಳು. ಮನಸ್ಸು ಕರಗಿದ್ದನ್ನು ತೋರಿಸಿಕೊಳ್ಳಬಾರದೆಂದು, "ಮೊದ್ಲು ಹೋಗಿ ಚಪ್ಪಲಿ ಸಾಲಾಗಿ ಇಡು" ಎಂದು ಗದರಿದೆ.

ಶ್ರಾವಣದ ಒಂದು ದಿನ ಹಿಮದ ಊರಿನ ಪಾಠವೇ ಮತ್ತೆ ನಡೆಯುತ್ತಿತ್ತು. ಪುಟ್ಟಲಕ್ಷ್ಮಿ ಬಾಯಲ್ಲಿ ಬೆರಳಿಟ್ಟು ಅಲ್ಲಾಡಿಸುತ್ತಾ ಕೂತಿದ್ದವಳು ಇದ್ದಕ್ಕಿದ್ದಂತೆ, "ಅವ್ವಾ, ಅಲ್ಲು ಬಿದ್ದೋಯ್ತು!" ಎಂದು ಕಿರುಚಿದಳು. ಕೆಳಗಿನ ಸಾಲಿನ ಮುಂದಿನ ಹಲ್ಲು. ಪಾಠ ಅಲ್ಲಿಗೇ ನಿಂತಿತು. ಹಲ್ಲನ್ನು ಸಗಣಿಯಲ್ಲಿ ಸುತ್ತಿ ಮಾಡಿನ ಮೇಲೆ ಎಸೆಯಬೇಕಲ್ಲ! ನಮ್ಮ ಮನೆಯಲ್ಲಿ ಪ್ರತಿ ಭಾನುವಾರ ಪೂಜೆಗೆ ಇಗರ್ಜಿಗೆ ಹೋಗುತ್ತಿದ್ದರೂ ನನ್ನ ಹಾಲುಹಲ್ಲುಗಳೆಲ್ಲ ಹೋದದ್ದು ಹೆಂಚಿನ ಮೇಲಕ್ಕೇ. ಸಂಘದ ಸುತ್ತ ಹಸು ಎಲ್ಲಿಂದ ಬರಬೇಕು? ಸಾಕಮ್ಮ ಬೀದಿಗೆ ಓಡಿದವಳು ಜಟಕಾ ನಿಲ್ಲುವ ಜಾಗದಿಂದ ಎಲೆಯಲ್ಲಿ ಕುದುರೆ ಲದ್ದಿ ತಂದಳು.

"ಇದ್ರಲ್ ಸುತ್ತುದ್ರೆ ಆಯ್ತದಾ?"

"ಅಯ್ಯೋ ನಿನ್ನ! ಕುದ್ರೆ ಅಲ್ಲು ಬಂದ್ಬುಟ್ರೆ ಏನ್ ಮಾಡೀಯೇ?" ಎಂದಳು ಹಿಂದೆ ಕೂತಿದ್ದವಳೊಬ್ಬಳು.

ಮಗು ಅಳಲು ಶುರುಮಾಡಿತು. ಕೊನೆಗೆ ಯಾರದೋ ಮನೆಯ ಬೆರಣಿಯ ಚೂರು ನೆನೆಸಿ, ಅದರಲ್ಲಿ ಹಲ್ಲು ಸುತ್ತಿ, ಸಾಕಮ್ಮನೇ ಬೀಸಿ ಎಸೆದಳು. ಅದು ಹೆಂಚಿಗೆ ಹೋಗದೆ ಹೊಸದಾಗಿ ಸುಣ್ಣ ಬಳಿದ ಗೋಡೆಗೆ ಪಚ್ಚೆಂದು ಬಡಿದು ಕೆಳಗೆ ಬಿತ್ತು. ಎರಡನೆಯ ಸಲಕ್ಕೆ ಹೆಂಚು ಸೇರಿತು. ಹೆಂಗಸರೆಲ್ಲ ಒಳಗೆ ಬಂದು ಕೂತರು. ಒಬ್ಬೊಬ್ಬರಿಗೂ ತಮ್ಮ ಹಲ್ಲು ಬಿದ್ದ ಕಥೆ ನೆನಪಾಗಿ ಒಬ್ಬರ ಮೇಲೊಬ್ಬರು ಬಿದ್ದು ಮಾತಾಡುತ್ತಿದ್ದರು. ಒಂದು ವರ್ಷದಲ್ಲಿ ಬಾಯಿಪಾಠ ಬಿಟ್ಟು ಇಂಗ್ಲಿಷಿನಲ್ಲಿ ಒಂದು ಸ್ವಂತ ಮಾತೂ ಆಡದ ಹೆಂಗಸರು! ನನಗೆ ಅದೇನು ಬುದ್ಧಿ ಬಂತೋ, ರೀಡರ್ ಮುಚ್ಚಿ ಪುಟ್ಟಲಕ್ಷ್ಮಿಯನ್ನು ಮೇಜಿನ ಮೇಲೆ ಕೂರಿಸಿ, ಬಾಯಿ ತೆರೆಸಿ, ಇನ್ನೊಂದು ಹಲ್ಲು ಮುಟ್ಟಿ ಹೇಳಿದೆ. "ದಿಸ್ ಈಸ್ ಎ ಟೂತ್. ಇಟ್ ಈಸ್ ಲೂಸ್." ಬಿದ್ದ ಜಾಗ ತೋರಿಸಿ, "ಒನ್ ಟೂತ್ ಹ್ಯಾಸ್ ಫಾಲನ್. ಎ ನ್ಯೂ ಟೂತ್ ವಿಲ್ ಕಮ್." ಕೆಂಪಮ್ಮ ಬೆರಳಿಂದ ಮಗಳ ವಸಡು ಮುಟ್ಟಿ, ತುಸು ಹೊತ್ತು ಯೋಚಿಸಿ, "ವೆನ್ ವಿಲ್ ಇಟ್ ಕಮ್?" ಎಂದು ಕೇಳಿದಳು. ನಾನು ಹೇಳಿಕೊಟ್ಟಿರಲಿಲ್ಲ. ಅವಳಿಗೆ ಅದು ತಿಳಿಯಬೇಕಿತ್ತು, ಕೇಳಿದಳು. ಆ ಸಂತೋಷಕ್ಕೆ ನಾನು ಆ ದಿನ ಎಲ್ಲರಿಗೂ ಕಡ್ಲೆಪುರಿ ತರಿಸಿದೆ.

ಆಮೇಲೆ ನಮ್ಮದು ಹಲ್ಲಿನ ತರಗತಿಯಾಯಿತು. ಪ್ರತಿ ಶುಕ್ರವಾರ ಪುಟ್ಟಲಕ್ಷ್ಮಿ ಕಿಟಕಿಯ ಬಳಿ ಬಾಯಿ ತೆರೆದು ನಿಲ್ಲುವುದು, ಒಬ್ಬೊಬ್ಬರೇ ಬಂದು ನೋಡಿದ್ದನ್ನು ಇಂಗ್ಲಿಷಿನಲ್ಲಿ ಹೇಳುವುದು, ಹೇಳಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆಯುವುದು. ಮೂರನೆಯ ಶುಕ್ರವಾರ ವಸಡಿನಲ್ಲಿ ಬಿಳಿ ಗೆರೆ ಕಂಡಾಗ ಹೆಂಗಸರೆಲ್ಲ ಒಟ್ಟಿಗೆ ಕೂಗಿದ ಕೂಗಿಗೆ ರುಕ್ಮಿಣಮ್ಮನವರು ಓಡಿಬಂದರು.

"ಏನ್ರೀ ಇದು ಫಿಲೋಮಿನಾ? ಇಂಗ್ಲಿಷ್ ಹೇಳ್ಕೊಡ್ತಿದೀರೋ, ಹಲ್ಲು ಕೀಳ್ತಿದೀರೋ? ಗೋಡೆ ಮೇಲೆ ಅದೇನು ಕಲೆ?"

ಗೋಡೆಯ ವಿಷಯಕ್ಕೆ ನಾನು ಬಾಯಿ ಬಿಡಲಿಲ್ಲ. "ಅಮ್ಮಾವ್ರೆ, ಇವರನ್ನ ನೀವೇ ಇಂಗ್ಲಿಷಿನಲ್ಲಿ ಏನಾದ್ರೂ ಕೇಳಿ" ಎಂದೆ. ಅವರು ಸಾಕಮ್ಮನನ್ನು, ಆ ಮಗುವಿಗೆ ಏನಾಗಿದೆ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಸಾಕಮ್ಮ ತಪ್ಪು ತಪ್ಪಾಗಿಯೇ ಆದರೂ ಎಂಟು ಹತ್ತು ಮಾತು ಹೇಳಿದಳು. ಹಿಮದ ಸುದ್ದಿ ಇರಲಿಲ್ಲ. ರುಕ್ಮಿಣಮ್ಮನವರು ಕನ್ನಡಕ ತೆಗೆದು ಒರೆಸಿಕೊಂಡು, "ಆಗಲಿ, ಸಂದರ್ಶನದವರೆಗೆ ನೋಡೋಣ" ಎಂದು ಹೋದರು.

ಈಗ ನನ್ನ ತಪ್ಪಿಗೆ ಬರುತ್ತೇನೆ. ಇದನ್ನು ಬರೆಯದಿದ್ದರೆ ಉಳಿದದ್ದೆಲ್ಲ ಬರೆದು ಪ್ರಯೋಜನವಿಲ್ಲ.

ಬಿದ್ದ ಹಾಲುಹಲ್ಲು ನೋಡಿದವರಿಗೆ ಗೊತ್ತು, ಅದು ಅಕ್ಕಿಕಾಳಿನ ಹಾಗೆ ಮೋಟಾಗಿರುತ್ತದೆ, ಕೆಳಗೆ ಬೇರೇ ಇರುವುದಿಲ್ಲ. ಅದನ್ನು ನೋಡಿ ನಾನು ಬೋರ್ಡಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿದ್ದೆ: ಮಿಲ್ಕ್ ಟೀತ್ ಹ್ಯಾವ್ ನೋ ರೂಟ್ಸ್. ಹಾಲುಹಲ್ಲಿಗೆ ಬೇರಿಲ್ಲ, ಅದಕ್ಕೇ ಸುಲಭವಾಗಿ ಬೀಳುತ್ತದೆ ಎಂದು ವಿವರಣೆ ಬೇರೆ. ಯಾರನ್ನೂ ಕೇಳಿರಲಿಲ್ಲ. ಹೆಂಗಸರು ಬರೆದುಕೊಂಡರು.

ದೀಪಾವಳಿಗೆ ಮುಂಚೆ ಪುಟ್ಟಲಕ್ಷ್ಮಿ ಸೋದರಮಾವನ ಮನೆಯ ಜಗಲಿಯಿಂದ ಮುಗ್ಗರಿಸಿ ಬಿದ್ದು, ಮೇಲಿನ ಸಾಲಿನ ಮುಂದಿನ ಹಲ್ಲೊಂದು ಕಿತ್ತುಬಂತು. ಕೆಂಪಮ್ಮ ಆ ಹಲ್ಲನ್ನು ಮಾಡಿನ ಮೇಲೆ ಎಸೆಯಲಿಲ್ಲ. ಅತ್ತಿಗೆ ಸಗಣಿ ಹಿಡಿದು ನಿಂತಿದ್ದರೂ ಬೇಡವೆಂದು ಸೆರಗಿನ ತುದಿಗೆ ಕಟ್ಟಿಕೊಂಡು ಮಾರನೆಯ ದಿನ ತರಗತಿಗೆ ತಂದಳು. ಗಂಟು ಬಿಚ್ಚಿ ನನ್ನ ಮೇಜಿನ ಮೇಲಿಟ್ಟಳು.

"ಮಿಸ್ಸೋರೆ, ಇದೂ ಆಲಲ್ಲು ತಾನೇ. ಆದ್ರೆ ಇದ್ಕೆ ಬೇರದೆ. ನೋಡಿ, ಎಷ್ಟುದ್ದ ಅದೆ. ನೀವ್ ಇಲ್ಲ ಅಂದಿದ್ರಿ."

ಇಪ್ಪತ್ತು ಹೆಂಗಸರ ಮುಂದೆ ಹೀಗೆ ಅಂದರೆ! ನನಗೆ ನಖಶಿಖಾಂತ ಉರಿಯಿತು. ಹಲ್ಲನ್ನು ಸರಿಯಾಗಿ ನೋಡಲೂ ಇಲ್ಲ. "ಬೇರಿದ್ರೆ ಅದು ಹಾಲುಹಲ್ಲಲ್ಲ. ಶಾಶ್ವತವಾದ ಹಲ್ಲೇ ಹೋಗಿದೆ. ಇನ್ನೇನು ಮಾಡೋಕಾಗುತ್ತೆ? ಮಗೂನ ನೋಡ್ಕೊಳ್ಳೋಕೆ ಬರಲ್ಲ, ನನಗೆ ಪಾಠ ಹೇಳೋಕೆ ಬಂದ್ಬಿಟ್ಲು!" ಎಂದು ಕೂಗಾಡಿದೆ.

ಕೆಂಪಮ್ಮ ಹಲ್ಲನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಪುಟ್ಟಲಕ್ಷ್ಮಿ ತಾಯಿಯ ಮುಖವನ್ನೂ ನನ್ನ ಮುಖವನ್ನೂ ನೋಡಿ, ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಮುಂದೆ ವಾರಗಟ್ಟಲೆ ಆ ಮಗು ನಗುವಾಗೆಲ್ಲ ಕೈ ಅಡ್ಡ ಇಟ್ಟುಕೊಳ್ಳುತ್ತಿತ್ತು. ಅದಕ್ಕೆ ಕಾರಣ ನಾನು. ಈಗ ನೆನೆಸಿಕೊಂಡರೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಮನೆಗೆ ಹೋದರೂ ಊಟ ಸೇರಲಿಲ್ಲ. ಆರು ವರ್ಷದ ಮಗುವಿಗೆ ಮೇಲಿನ ಶಾಶ್ವತ ಹಲ್ಲು ಆಗಲೇ ಬಂದಿರುತ್ತದೆಯೇ ಎಂಬ ಸಂಶಯ ಕೊರೆಯಿತು. ಮರುದಿನ ಬೆಳಿಗ್ಗೆ ಅಗ್ರಹಾರದ ಹತ್ತಿರವಿದ್ದ ಹಲ್ಲಿನ ಡಾಕ್ಟರೊಬ್ಬರ ಬಳಿ ಹೋದೆ. ವಯಸ್ಸಾದವರು, ರೋಗಿಗಳು ಯಾರೂ ಇರಲಿಲ್ಲ, ಮಾತಿಗೆ ಜನ ಸಿಕ್ಕಿದ್ದೇ ಅವರಿಗೆ ಖುಷಿ. ಬೀರುವಿನಿಂದ ಮಗುವಿನ ದವಡೆಯ ಪ್ಲಾಸ್ಟರ್ ಮಾದರಿಯೊಂದನ್ನು ತೆಗೆದು ತೋರಿಸಿದರು. ಹಾಲುಹಲ್ಲುಗಳಿಗೆಲ್ಲ ಉದ್ದುದ್ದ ಬೇರು. ಆ ಬೇರುಗಳ ಹಿಂದೆ, ದವಡೆಯ ಒಳಗೆ, ಇನ್ನೊಂದು ಸಾಲು ಹಲ್ಲು ಅಡಗಿ ಕೂತಿದ್ದವು. "ಹೊಸ ಹಲ್ಲು ಮೇಲಕ್ಕೆ ಬರ್ತಾ ಬರ್ತಾ ಹಳೇ ಹಲ್ಲಿನ ಬೇರು ಕರಗುತ್ತಮ್ಮ. ಪೂರ್ತಿ ಕರಗಿದ ಮೇಲೆ ಬಿದ್ದಿದ್ದಕ್ಕೆ ಬೇರು ಇರಲ್ಲ. ಕರಗೋ ಮೊದಲೇ ಪೆಟ್ಟಾಗಿ ಬಿದ್ರೆ ಇರುತ್ತೆ. ಆ ಮಗೂಗೆ ಹೊಸ ಹಲ್ಲು ಬರುತ್ತೆ. ತಡ ಆಗಬಹುದು, ವರ್ಷವೂ ಹಿಡೀಬಹುದು, ಕಾಯಿರಿ" ಎಂದರು. ನಾನು ಅಲ್ಲೇ ಕುರ್ಚಿಯಲ್ಲಿ ಕೂತು ಅತ್ತುಬಿಟ್ಟೆ. ನನ್ನ ಹಲ್ಲೇ ನೋಯುತ್ತಿದೆಯೆಂದು ಅವರು ಲವಂಗದ ಎಣ್ಣೆ ಹುಡುಕತೊಡಗಿದರು.

ಆ ಮಾದರಿಯನ್ನು ಒಂದು ದಿನದ ಮಟ್ಟಿಗೆ ಬೇಡಿ ತಂದೆ. ತರಗತಿಯಲ್ಲಿ ಬೋರ್ಡಿನ ಮುಂದೆ ನಿಂತು, "ಐ ವಾಸ್ ರಾಂಗ್. ಕೆಂಪಮ್ಮ ವಾಸ್ ರೈಟ್" ಎಂದೆ. ಟೀಚರು ತಪ್ಪು ಒಪ್ಪಿಕೊಂಡದ್ದನ್ನು ಅವರು ಜನ್ಮದಲ್ಲಿ ಕಂಡಿರಲಿಲ್ಲ, ನಾನೂ ಕಂಡಿರಲಿಲ್ಲ. ಆಮೇಲೆ ಮಾದರಿಯನ್ನು ಕೆಂಪಮ್ಮನ ಕೈಗೆ ಕೊಟ್ಟೆ. ಅವಳು ಒಳಗೆ ಅಡಗಿದ್ದ ಹಲ್ಲನ್ನು ಬೆರಳಿಂದ ಮುಟ್ಟಿ ಮುಟ್ಟಿ ನೋಡಿ, ಮಗಳನ್ನು ಎಳೆದು ತಬ್ಬಿಕೊಂಡು, "ಅದೆ ಕಣವ್ವ, ಒಳ್ಗೇ ಅದೆ, ಬತ್ತದೆ" ಎಂದಳು. ಸಾಕಮ್ಮ ಹಿಂದಿನಿಂದ, "ಇಂಗ್ಲೀಸ್ನಲ್ಲಿ ಹೇಳೇ, ಮಿಸ್ಸೋರು ಬಯ್ತಾರೆ" ಎಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಅಂದಿನಿಂದ ಆ ಹೆಂಗಸರು ನನ್ನ ಪ್ರತಿ ಮಾತಿಗೂ ಯಾಕೆ, ಹೇಗೆ ಎಂದು ಇಂಗ್ಲಿಷಿನಲ್ಲೇ ಪೀಡಿಸತೊಡಗಿದರು. ನನ್ನ ತಲೆ ಕೆಟ್ಟುಹೋಗುತ್ತಿತ್ತು, ಆದರೂ ಅಷ್ಟು ಒಳ್ಳೆಯ ತರಗತಿ ನನಗೆ ಮತ್ತೆಂದೂ ಸಿಗಲಿಲ್ಲ.

ಫೆಬ್ರವರಿಯಲ್ಲಿ ಸಂದರ್ಶನ. ಆರು ಜನ ಹೋದರು. ನಾನು ಸಂಘದ ಜಗಲಿಯ ಮೇಲೆ ಕೂತು ಜಪಮಣಿ ಎಣಿಸುತ್ತಿದ್ದೆ. ರುಕ್ಮಿಣಮ್ಮನವರು ಪಕ್ಕದಲ್ಲೇ ವಿಷ್ಣುಸಹಸ್ರನಾಮ ಹೇಳಿಕೊಳ್ಳುತ್ತಿದ್ದರು. ಮಧ್ಯಾಹ್ನ ಕೆಂಪಮ್ಮ ಎಲ್ಲರಿಗಿಂತ ಮೊದಲು ಬಂದಳು. ಮುಖ ಬಾಡಿತ್ತು.

"ಮಿಸ್ಸೋರೆ, ಬೇಜಾರ್ ಮಾಡ್ಕೋಬೇಡಿ. ನಿಮ್ ತಪ್ಪನ್ನ ಅಲ್ಲಿ ಹೇಳ್ಬುಟ್ಟೆ."

ಡಾಕ್ಟರಮ್ಮ ನಿನಗೆ ಇಷ್ಟವಾದ ವಿಷಯ ಹೇಳು ಎಂದರಂತೆ. ಇವಳು ಹಲ್ಲು ಹೇಗೆ ಬೆಳೆಯುತ್ತದೆ ಎಂದು ಹೇಳಿದಳಂತೆ. ಇದನ್ನೆಲ್ಲ ಯಾವ ಪುಸ್ತಕದಲ್ಲಿ ಓದಿದೆ ಎಂದು ಅವರು ಕೇಳಿದರಂತೆ. ಪುಸ್ತಕದಲ್ಲಿ ಓದಲಿಲ್ಲ, ನನ್ನ ಟೀಚರ್ ಮೊದಲು ತಪ್ಪು ಹೇಳಿದರು, ನಾನು ಬೇರು ನೋಡಿದೆ, ಟೀಚರ್ ಕೂಗಿದರು, ಆಮೇಲೆ ಅವರೇ ತಿಳಿದುಕೊಂಡು ಬಂದು ತಪ್ಪಾಯಿತು ಎಂದರು ಎಂದಳಂತೆ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ಇವಳನ್ನೇ ನೋಡಿದರಂತೆ. ವಾರ್ಡಿನಲ್ಲಿ ಆಗತಾನೇ ಹುಟ್ಟಿದ ಮಗುವಿನ ಮೈಬಣ್ಣ ಯಾಕೋ ಸರಿಯಿಲ್ಲ ಅಂತ ನಿನಗೆ ಕಾಣುತ್ತದೆ, ಹಿರಿಯ ನರ್ಸ್ ಎಲ್ಲ ಸರಿಯಿದೆ ಹೋಗು ಅನ್ನುತ್ತಾಳೆ, ಆಗ ಏನು ಮಾಡುತ್ತೀ ಎಂದು ಕೇಳಿದರಂತೆ.

"ನೀನೇನಂದೆ?" ಎಂದರು ರುಕ್ಮಿಣಮ್ಮನವರು.

"ಐ ವಿಲ್ ಟೆಲ್ ಎಗೇನ್ ಅಂದೆ. ಬೈದ್ರೂ ಟೆಲ್ ಎಗೇನ್ ಅಂದೆ. ತಪ್ಪಾಯ್ತಾ ಅಮ್ಮಾವ್ರೆ?"

ರುಕ್ಮಿಣಮ್ಮನವರು ಸೆರಗಿನಿಂದ ಮೂಗೊರೆಸಿಕೊಂಡು, "ಒಳಗೆ ಹೋಗಿ ಮಜ್ಜಿಗೆ ಕುಡಿ ಹೋಗು" ಎಂದರು.

ಫಲಿತಾಂಶದ ಕಾಗದ ತಿಂಗಳಾದರೂ ಬರಲಿಲ್ಲ. ಯುಗಾದಿಗೆ ಮೂರು ದಿನ ಇರುವಾಗ ಕರೀಗೌಡರು ಸಂಘದ ಜಗಲಿಗೆ ಬಂದು ಕೂತರು. ಮಂಡಿ ಮೊಹಲ್ಲಾದಿಂದ ಮೊಮ್ಮಗಳ ಬಟ್ಟೆಯನ್ನೆಲ್ಲ ಟವಲಿನಲ್ಲಿ ಗಂಟು ಕಟ್ಟಿ ತಂದಿದ್ದರು. ಹಬ್ಬದ ಹೊತ್ತಿಗೆ ಮಗು ಊರಲ್ಲಿರಬೇಕು, ಸಾಯಂಕಾಲದ ಬಸ್ಸಿಗೆ ಹೊರಡಬೇಕೆಂದರು. ಕೆಟ್ಟ ಮನುಷ್ಯರಲ್ಲ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, "ಥೇಟ್ ನಮ್ ಚಿಕ್ಕನ ಮಕವೇ ಕಣಮ್ಮ. ಇವ್ಳನ್ನ ನೋಡ್ದೇ ಇರಕಾಗಕಿಲ್ಲ ನಂಗೆ" ಎಂದು ನನ್ನ ಹತ್ತಿರ ಹೇಳಿದರು. ಕೆಂಪಮ್ಮ ಒಳಗೆ ಗೋಡೆಗೆ ಒರಗಿ ಕೂತಿದ್ದಳು. ಆ ದಿನ ಪಾಠವೂ ನಡೆಯಲಿಲ್ಲ.

ಮೂರು ಗಂಟೆಗೆ ಅಂಚೆಯವನು ಬಂದ. ಸಂಘದ ವಿಳಾಸಕ್ಕೆ ಕಂದುಬಣ್ಣದ ಲಕೋಟೆ, ಕೆಂಪಮ್ಮನ ಹೆಸರಿಗೆ. ನಾನು ಒಡೆಯಲು ಹೋದೆ, ರುಕ್ಮಿಣಮ್ಮನವರು ನನ್ನ ಕೈ ಹಿಡಿದು, "ಅವಳ ಕಾಗದ, ಅವಳೇ ಓದಲಿ" ಎಂದರು.

ಕೆಂಪಮ್ಮ ಜಗಲಿಗೆ ಬಂದು ಮಾವನ ಮುಂದೆ ನಿಂತು, ಕಾಗದ ಬಿಡಿಸಿ, ಒಂದೊಂದು ಮಾತನ್ನೂ ಮೊದಲು ಇಂಗ್ಲಿಷಿನಲ್ಲಿ ಓದಿ ಆಮೇಲೆ ಕನ್ನಡದಲ್ಲಿ ಹೇಳುತ್ತಾ ಹೋದಳು. ತರಬೇತಿಗೆ ಆಯ್ಕೆಯಾಗಿದೆ. ಮುಂದಿನ ತಿಂಗಳ ಮೊದಲ ದಿನ ಹಾಜರಾಗಬೇಕು. ಪಟ್ಟಣದಲ್ಲಿ ಮನೆಯಿರುವವರು ಮನೆಯಿಂದಲೇ ಬಂದು ಹೋಗಬಹುದು. ಒಳಗೆ ಸಾಕಮ್ಮ ಹೋ ಎಂದು ಕೂಗಿದಳು.

"ಮೊದಲ್ನೇದ್ನ ಇನ್ನೊಂದ್ಸಲ ಓದವ್ವ" ಎಂದರು ಕರೀಗೌಡರು.

ಅವಳು ಮೊದಲ ಸಾಲು ಓದಿದಳು. "ಕೆಂಪಮ್ಮ, ವೈಫ್ ಆಫ್ ಲೇಟ್ ಚಿಕ್ಕೇಗೌಡ."

"ನನ್ ಮಗನ ಎಸ್ರು ಬರ್ದವ್ರಾ ಅದ್ರಲ್ಲಿ?"

"ಊ ಮಾವ. ನೋಡಿ, ಇಲ್ಲಿ ಬರ್ದವ್ರೆ."

ಅವರು ಕಾಗದ ತೆಗೆದುಕೊಂಡು, ಅವಳು ತೋರಿಸಿದ ಜಾಗದ ಮೇಲೆ ಹೆಬ್ಬೆರಳಿಟ್ಟು ಬಹಳ ಹೊತ್ತು ಕೂತರು. ಅಕ್ಷರ ಬರದ ಮನುಷ್ಯ. ಆಮೇಲೆ ಕಾಗದ ಮಡಿಸಿ ಸೊಸೆಯ ಕೈಗೆ ಕೊಟ್ಟು, ಪಕ್ಕದಲ್ಲಿದ್ದ ಗಂಟನ್ನು ಬಿಚ್ಚಿ, ಮೊಮ್ಮಗಳ ಲಂಗ ರವಿಕೆಗಳನ್ನು ಒಂದೊಂದಾಗಿ ತೆಗೆದು ಸೊಸೆಯ ತೋಳಿನ ಮೇಲೆ ಹಾಕುತ್ತಾ ಬಂದರು. ಟವಲು ಬರಿದಾದ ಮೇಲೆ ಅದನ್ನು ಕೊಡವಿ ಹೆಗಲಿಗೆ ಹಾಕಿಕೊಂಡು, "ಅಬ್ಬಕ್ಕೆ ಇಬ್ರೂ ಬನ್ನಿ. ಅಬ್ಬ ಮುಗುಸ್ಕಂಡು ನಾನೇ ತಂದ್ಬುಟ್ಟು ಓಯ್ತೀನಿ" ಎಂದು ಒಬ್ಬರೇ ಬಸ್ಸಿಗೆ ಹೊರಟರು.